ಒಂದು ಹಿತ್ತಲ ಬಾಗಿಲು, ಹನ್ನೆರಡು ಸೈಕಲ್ಲು

ಕ್ಯಾಂಟೀನಿನಲ್ಲಿ ಹುಟ್ಟಿದ ಐಡಿಯಾಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಕ್ಯಾಂಟೀನಿನಲ್ಲೇ ತೀರಿಕೊಳ್ಳುತ್ತವೆ. ಗೋವಾ ಟ್ರಿಪ್ಪು, ಸ್ಟಾರ್ಟಪ್ಪು, ಶಾರ್ಟ್ ಫಿಲಂ, ನಾಳೆಯಿಂದ ಬೆಳಿಗ್ಗೆ ಐದಕ್ಕೆ ಎದ್ದು ಓದೋದು, ಎಲ್ಲದರ ತಿಥಿಯೂ ಅಲ್ಲೇ ಆಗಿದೆ. ಹೇಗೋ ಬದುಕಿ ಉಳಿದ ಒಂದು ಐಡಿಯಾದ ಕಥೆ ಇದು. ಕಳೆದ ಜನವರಿಯಲ್ಲಿ ನಾವು ಹನ್ನೆರಡು ಜನ ಬೆಂಗಳೂರಿನಿಂದ ಮಡಿಕೇರಿಗೆ ಸೈಕಲ್ ತುಳಿದುಕೊಂಡು ಹೋದೆವು. ಒಂದು ಮನೆ ಕಟ್ಟೋಕೆ ದುಡ್ಡು ಸೇರಿಸೋದು ಉದ್ದೇಶ. ಬಂದ ಮೇಲೆ ನೋಟಿಸ್ ಬೋರ್ಡಿನಲ್ಲಿ ನಮ್ಮ ಫೋಟೋ ಬಂತು, ಸ್ಟೇಜ್ ಮೇಲೆ ಶಾಲು ಹೊದಿಸಿದರು, ಜೂನಿಯರ್‌ಗಳು "ಸೂಪರ್ ಅಣ್ಣಾ" ಅಂದರು. ಆದರೆ ಆ ಫೋಟೋದಲ್ಲಿ ಕಾಣದ ಕೆಲವು ವಿಷಯ ಇವೆ. ರಾಜ್ಯೋತ್ಸವ ಸಂಚಿಕೆಗೆ ಏನಾದ್ರೂ ಬರೀರಿ ಅಂತ ಸಂಘದವರು ಕೇಳಿದಾಗ ಅದನ್ನೇ ಬರೆಯೋಣ ಅಂದುಕೊಂಡೆವು. ಹನ್ನೆರಡು ಜನ ಸೇರಿ ಬರೆದಿದ್ದೀವಿ. ತಪ್ಪುಗಳೂ ಹನ್ನೆರಡು ಪಟ್ಟು ಇದ್ದಾವು, ಸಹಿಸಿಕೊಳ್ಳಿ.

ಶುರುವಾಗಿದ್ದು ಮಳೆಯಿಂದ

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಿದ್ದು ನಿಮಗೆಲ್ಲ ನೆನಪಿರಬೇಕು. ಮಕ್ಕಂದೂರು, ಹಟ್ಟಿಹೊಳೆ, ಮದೆನಾಡು, ಜೋಡುಪಾಲ ಅಂತ ನಾವು ಅಲ್ಲಿವರೆಗೆ ಕೇಳೇ ಇರದ ಊರುಗಳ ಹೆಸರು ದಿನಾ ಟಿವಿಯಲ್ಲಿ ಬರುತ್ತಿತ್ತು. ಹಾಸ್ಟೆಲ್ ಟಿವಿ ರೂಮಿನಲ್ಲಿ ಕೂತು ನಾವು ಆ ವಿಡಿಯೋಗಳನ್ನು ಸಿನಿಮಾ ನೋಡಿದ ಹಾಗೆ ನೋಡಿದೆವು. ಒಂದು ಎರಡಂತಸ್ತಿನ ಮನೆ ನಿಂತ ಹಾಗೇ ಜಾರಿ ಕೆಳಗೆ ಹೋಗುವ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಯಾರೋ "ಏ ಇನ್ನೊಂದ್ಸಲ ಹಾಕೋ" ಅಂದ. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಎಲೆಕ್ಟ್ರಾನಿಕ್ಸ್ ಗೆಳೆಯ ಎದ್ದು ಹೊರಗೆ ಹೋದ. ಅವನ ಊರು ಮಕ್ಕಂದೂರಿನ ಕಡೆ, ಅವತ್ತಿಗೆ ಎರಡು ದಿನದಿಂದ ಅವನ ಮನೆಯವರ ಫೋನ್ ಸಿಗುತ್ತಿಲ್ಲ ಅನ್ನೋದು ನಮಗೆ ಗೊತ್ತಾಗಿದ್ದು ಆಮೇಲೆ.

ಅವನ ಮನೆಯವರು ಬದುಕಿದ್ದರು. ಮನೆ ಇರಲಿಲ್ಲ. ಅಪ್ಪ ಅಮ್ಮ ಕುಶಾಲನಗರದ ನೆಂಟರ ಮನೆ ಸೇರಿಕೊಂಡರು. ಅವನು ವಾಪಸ್ ಕ್ಲಾಸಿಗೆ ಬಂದ, ಇಂಟರ್ನಲ್ಸ್ ಬರೆದ, ಮೆಸ್ಸಿನಲ್ಲಿ ಊಟ ಮಾಡಿದ, ಏನೂ ಹೇಳಲಿಲ್ಲ. ನಮಗೂ ಏನು ಕೇಳಬೇಕು ಅಂತ ಗೊತ್ತಾಗಲಿಲ್ಲ. ನವೆಂಬರ್‌ನಲ್ಲಿ ಒಂದಿನ ಅವನೇ ಹೇಳಿದ: "ನಮ್ದೇನೋ ಆಗುತ್ತೆ. ಅಪ್ಪನಿಗೆ ತೋಟ ಸ್ವಲ್ಪ ಉಳಿದಿದೆ. ಪಕ್ಕದ ಮನೆ ಅಜ್ಜೀದೇ ಕಷ್ಟ. ಮಗ ಇಲ್ಲ, ಸೊಸೆ ಮೊಮ್ಮಗಳು ಮಾತ್ರ. ಯಾರೋ ನೆಂಟರು ಐದು ಸೆಂಟ್ ಜಾಗ ಕೊಟ್ಟಿದ್ದಾರೆ. ಅಲ್ಲಿನ ಕೆಲವರು ಸೇರಿ ದುಡ್ಡು ಕೂಡಿಸಿ ಮನೆ ಕಟ್ಟಿಸ್ತಿದ್ದಾರೆ. ಅರ್ಧಕ್ಕೆ ನಿಂತಿದೆ."

ಯಾಕೆ ಸೈಕಲ್ಲು?

ಸೈಕಲ್ ಐಡಿಯಾ ನಮ್ಮದಲ್ಲ. ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿರುವ ನಮ್ಮ ಸೀನಿಯರ್ ಅಕ್ಕ ಒಬ್ಬರು ಹೇಳಿದ್ದು. ಅಲ್ಲಿ 'ಬೈಕ್ ಅಂಡ್ ಬಿಲ್ಡ್' ಅಂತ ಒಂದು ಸಂಸ್ಥೆ ಇತ್ತು. ನಮ್ಮ ವಯಸ್ಸಿನವರು ಗುಂಪು ಕಟ್ಟಿಕೊಂಡು ಬೇಸಿಗೆ ರಜೆಯಲ್ಲಿ ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ಸೈಕಲ್ ತುಳಿಯುತ್ತಿದ್ದರು. ಹೊರಡೋ ಮುಂಚೆ ಪ್ರತಿಯೊಬ್ಬರೂ ಕೆಲವು ಸಾವಿರ ಡಾಲರ್ ಸಂಗ್ರಹಿಸಬೇಕಿತ್ತು. ದಾರಿಯಲ್ಲಿ ಅಲ್ಲಲ್ಲಿ ಸೈಕಲ್ ನಿಲ್ಲಿಸಿ, ಬಡವರಿಗೆ ಕಟ್ಟುತ್ತಿರುವ ಮನೆಗಳಲ್ಲಿ ಗೋಡೆ ಎತ್ತೋದು, ಬಣ್ಣ ಬಳಿಯೋದು ಮಾಡಬೇಕಿತ್ತು. 2003ರಿಂದ ಇಂಥ ಸವಾರಿಗಳು ನಡೆದಿವೆ. ಅದಕ್ಕೂ ಹಿಂದೆ, 1976ರಲ್ಲಿ, ಜಾರ್ಜಿಯಾ ರಾಜ್ಯದ ಅಮೆರಿಕಸ್ ಅನ್ನೋ ಸಣ್ಣ ಊರಿನಲ್ಲಿ ಮಿಲರ್ಡ್ ಫುಲ್ಲರ್ ಮತ್ತು ಲಿಂಡಾ ಫುಲ್ಲರ್ ದಂಪತಿ 'ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ' ಶುರು ಮಾಡಿದ್ದರು. ಅಲ್ಲಿ ಮನೆ ಪಡೆಯುವವರೂ ಇಷ್ಟು ಗಂಟೆ ಅಂತ ಮೈ ಬಗ್ಗಿಸಿ ದುಡಿಯಬೇಕು. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1984ರಿಂದ ಸುತ್ತಿಗೆ ಹಿಡಿದು ಆ ಕೆಲಸಕ್ಕೆ ನಿಂತವರು. ಅಕ್ಕ ಇದನ್ನೆಲ್ಲ ಫೋನಿನಲ್ಲಿ ಹೇಳಿ, "ನೀವ್ಯಾಕೆ ಮಾಡಬಾರ್ದು?" ಅಂದರು. ನಮ್ಮ ಹತ್ರ ಉತ್ತರ ಇರಲಿಲ್ಲ, ಅದಕ್ಕೇ ಒಪ್ಪಿಕೊಂಡೆವು.

ಆದರೆ ಕಾಲೇಜಿನಲ್ಲಿ ಮೊದಲು ಕೇಳಿದ ಪ್ರಶ್ನೆಯೇ ಬೇರೆ. ಅನುಮತಿ ಪತ್ರ ಹಿಡಿದು ಹೋದಾಗ ಒಬ್ಬ ಮೇಷ್ಟ್ರು ಕನ್ನಡಕ ತೆಗೆದಿಟ್ಟು ಕೇಳಿದರು: "ಅಲ್ರಯ್ಯಾ, ಮನೆಗೆ ದುಡ್ಡು ಕೊಡಬೇಕು ಅಂದ್ರೆ ಕೊಡಿ. ಮಧ್ಯ ಈ ಸೈಕಲ್ ಯಾಕೆ? ಟಿ-ಶರ್ಟು, ಬ್ಯಾನರು, ಊಟ, ಲಾಡ್ಜು ಅಂತ ಅರ್ಧ ನೀವೇ ತಿಂದು ಮಿಕ್ಕಿದ್ದು ಕೊಡೋದಾ?"

ಕೋಪ ಬಂತು. ಯೋಚನೆ ಮಾಡಿದರೆ ಸರಿಯಾಗೇ ಕೇಳಿದ್ದರು. ಅವತ್ತು ರಾತ್ರಿ ಕೂತು ಒಂದು ನಿಯಮ ಮಾಡಿಕೊಂಡೆವು. ಕೊಟ್ಟವರ ದುಡ್ಡಿನಲ್ಲಿ ಒಂದು ಟೀ ಕೂಡ ಕುಡಿಯೋ ಹಾಗಿಲ್ಲ. ದಾರಿ ಖರ್ಚಿಗೆ ತಲೆಗೆ 1,500 ರೂಪಾಯಿ ನಮ್ಮದೇ ಜೇಬಿನಿಂದ. ಹನ್ನೆರಡು ಜನಕ್ಕೆ 18,000. ಟಿ-ಶರ್ಟ್ ಕ್ಯಾನ್ಸಲ್. ಈ ಕೊನೆಯ ತೀರ್ಮಾನಕ್ಕೆ ಮಾತ್ರ ಒಂದೂವರೆ ಗಂಟೆ ಜಗಳ ಆಯಿತು, ಯಾಕಂದ್ರೆ ಡಿಸೈನ್ ಆಗಲೇ ರೆಡಿ ಇತ್ತು.

ದುಡ್ಡು ಕೇಳೋ ರೀತಿಯನ್ನು ಮೆಕ್ಯಾನಿಕಲ್‌ನವನು ಹೇಳಿಕೊಟ್ಟ. "ದಾರಿ ಸುಮಾರು 270 ಕಿಲೋಮೀಟರು. ಕಿಲೋಮೀಟರಿಗೆ ಒಂದೇ ರೂಪಾಯಿ ಕೇಳೋಣ." ಇದು ಕೆಲಸ ಮಾಡಿತು. ಸುಮ್ಮನೆ ದೇಣಿಗೆ ಕೊಡಿ ಅಂದರೆ ಪರ್ಸ್ ಮುಚ್ಚಿಕೊಳ್ಳುವವರು 270 ರೂಪಾಯಿ ಅಂದರೆ ಸಿನಿಮಾ ಟಿಕೆಟ್ ಲೆಕ್ಕ ಹಾಕಿ ಕೊಟ್ಟುಬಿಟ್ಟರು. ಆರು ವಾರದಲ್ಲಿ 612 ಜನ ಕೊಟ್ಟರು: 1,65,240 ರೂಪಾಯಿ. ಮೇಷ್ಟ್ರುಗಳು ಮತ್ತು ಹಳೇ ವಿದ್ಯಾರ್ಥಿಗಳಿಂದ 41,500. ಕನ್ನಡಕ ತೆಗೆದಿಟ್ಟು ಪ್ರಶ್ನೆ ಕೇಳಿದ ಮೇಷ್ಟ್ರೂ ಅದರಲ್ಲಿದ್ದಾರೆ.

ಹುರುಳಿ ಬಳ್ಳಿ ಮತ್ತು ಮೊದಲ ದಿನದ ಜಗಳ

ಸಂಕ್ರಾಂತಿ ಮುಗಿದ ವಾರ, ಶನಿವಾರ ಬೆಳಿಗ್ಗೆ ಆರಕ್ಕೆ ಕಾಲೇಜ್ ಗೇಟಿನಿಂದ ಹೊರಟೆವು. ಒಂಬತ್ತು ಹುಡುಗರು, ಮೂರು ಹುಡುಗಿಯರು. ಗೇರ್ ಸೈಕಲ್ ಐದು, ಅವುಗಳಲ್ಲಿ ಮೂರು ಸಾಲ ತಂದಿದ್ದು. ಮಿಕ್ಕಿದ್ದು ಅಪ್ಪನ ಕಾಲದಲ್ಲಿ ಹಾಲಿನ ಕ್ಯಾನ್ ಹೊರುತ್ತಿದ್ದಂಥ ಸೈಕಲ್ಲುಗಳು. ಬ್ಯಾನರ್ ಹಿಡಿದರು, ಸಂಘದವರು ಬಾವುಟ ಬೀಸಿದರು, ಡೊಳ್ಳು ಬಾರಿಸಿದರು. ಮೊದಲ ಐದು ಕಿಲೋಮೀಟರ್ ನಾವೇ ರಾಜರು.

ಮೈಸೂರು ರೋಡಿನ ಲಾರಿ, ಬಸ್ಸುಗಳ ಮಧ್ಯ ಬೇಡ ಅಂತ ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರಿನ ಮೇಲೆ ಮೈಸೂರಿಗೆ ಹೋಗೋ ದಾರಿ ಹಿಡಿದಿದ್ದೆವು. ಕನಕಪುರದ ತನಕ ಚೆನ್ನಾಗಿತ್ತು. ಸಾತನೂರು ದಾಟಿದ ಮೇಲೆ ಒಂದು ಅಡಚಣೆ ಬಂತು, ಯಾವ ಮ್ಯಾಪಿನಲ್ಲೂ ಅದನ್ನು ತೋರಿಸಿರಲಿಲ್ಲ. ಸುಗ್ಗಿ ಕಾಲ. ರೈತರು ಹುರುಳಿಯನ್ನು ಬಳ್ಳಿ ಸಮೇತ ತಂದು ರೋಡಿನ ಮೇಲೆ ಹರಡಿದ್ದರು. ಬಸ್ಸು ಲಾರಿ ಹತ್ತಿ ಹೋದರೆ ಒಕ್ಕಣೆ ಪುಕ್ಕಟೆ. ಬಸ್ಸಿಗೆ ಅದೇನೂ ಅಲ್ಲ. ಸೈಕಲ್ಲಿಗೆ ಆ ಬಳ್ಳಿ ಚೈನಿಗೂ ಗೇರಿಗೂ ಸುತ್ತಿಕೊಂಡು ಹಗ್ಗ ಹೊಸೆದ ಹಾಗೆ ಆಗುತ್ತೆ. ಒಂದು ಮೈಲಿಗೆ ಮೂರು ಸಲ ಇಳಿದು, ಚೈನಿನಿಂದ ಹುರುಳಿ ಬಿಡಿಸಿದೆವು. ಒಕ್ಕಣೆ ಮಾಡುತ್ತಿದ್ದ ಒಬ್ಬ ಯಜಮಾನರು ನಗುತ್ತಾ, "ನಿಮ್ ಸೈಕಲ್ಲಿಗೆ ಸಿಕ್ಕಿದ್ದು ನಿಮಗೇ ಮಡಿಕ್ಕಳಿ, ಸಾರು ಮಾಡ್ಕೊಳಿ" ಅಂದರು. ಎಲ್ಲಿಗೆ ಹೋಗ್ತಿದ್ದೀರಾ ಅಂತ ಕೇಳಿ, ಹೇಳಿದ ಮೇಲೆ ಸೊಂಟದಿಂದ ಐವತ್ತು ರೂಪಾಯಿ ತೆಗೆದು ಡಬ್ಬಿಗೆ ಹಾಕಿದರು. ದಾರಿಯ ಡಬ್ಬಿಗೆ ಬಿದ್ದ ಮೊದಲ ನೋಟು ಅದು.

ಈಗ ಕೆಟ್ಟ ಭಾಗ. ಮಧ್ಯಾಹ್ನದ ಮೇಲೆ ಗೇರ್ ಸೈಕಲ್ಲಿನವರು ಮುಂದೆ ಹೋಗಿಬಿಟ್ಟರು. 'ಒಬ್ಬರಿಗೊಬ್ಬರು ಕಾಣುವ ದೂರದಲ್ಲೇ ಇರಬೇಕು' ಅಂತ ಹೊರಡೋ ಮುಂಚೆ ಮಾಡಿದ್ದ ನಿಯಮವನ್ನು ಗಾಳಿ ಚೆನ್ನಾಗಿ ಬೀಸುತ್ತಿದ್ದಾಗ ಯಾರೂ ನೆನೆಯಲಿಲ್ಲ. ಸಂಜೆ ಏಳಕ್ಕೆ ಮಳವಳ್ಳಿಯ ಕಲ್ಯಾಣಮಂಟಪದಲ್ಲಿ ತಲೆ ಎಣಿಸಿದರೆ ಹನ್ನೊಂದು. ಫಸ್ಟ್ ಇಯರ್ ಹುಡುಗ ಇಲ್ಲ. ಫೋನ್ ಸ್ವಿಚ್ ಆಫ್. ಅವನು ಹಿಂದಿನವರ ಜೊತೆ ಇದ್ದಾನೆ ಅಂತ ಮುಂದಿನವರು, ಮುಂದಿನವರ ಜೊತೆ ಹೋದ ಅಂತ ಹಿಂದಿನವರು. ಇಬ್ಬರು ಒಂದು ಆಟೋ ಹಿಡಿದು ವಾಪಸ್ ಹೋದೆವು. ಹಲಗೂರಿನ ಈಚೆ, ಲೈಟಿಲ್ಲದ ಕಡೆ, ಪಂಚರ್ ಆದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಪಂಪು, ಪಂಚರ್ ಕಿಟ್ಟು ಎರಡೂ ಇದ್ದಿದ್ದು ಮುಂದೆ ಹೋದವರ ಬ್ಯಾಗಿನಲ್ಲಿ. ನಮ್ಮನ್ನು ನೋಡಿ ಅವನು ಬೈಯಲಿಲ್ಲ. "ಸಾರಿ ಅಣ್ಣ, ಲೇಟಾಯ್ತು" ಅಂದ. ಅವನು ಬೈದಿದ್ದರೇ ವಾಸಿ ಇತ್ತು.

ಅವತ್ತು ರಾತ್ರಿ ನಮ್ಮೊಳಗೆ ಆದ ಜಗಳದಲ್ಲಿ ಟೂರ್ ಅಲ್ಲಿಗೇ ಮುಗಿಯೋದರಲ್ಲಿತ್ತು. ಬೇರೆಯವರಿಗೆ ಮನೆ ಕಟ್ಟೋಕೆ ಹೊರಟವರು ಜೊತೆಯಲ್ಲಿರುವ ಹುಡುಗನನ್ನೇ ಕತ್ತಲಲ್ಲಿ ಬಿಟ್ಟು ಬಂದಿದ್ದೀವಿ, ನಾವೆಂಥ ಜನ ಅಂತ ಸಿವಿಲ್‌ನವಳು ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಮಾರನೇ ದಿನದಿಂದ ನಿಧಾನದ ಸೈಕಲ್ಲೇ ಎಲ್ಲರಿಗಿಂತ ಮುಂದೆ. ಅದನ್ನು ದಾಟೋ ಹಾಗಿಲ್ಲ. ಪಂಪು ಕಿಟ್ಟು ಎಲ್ಲರಿಗಿಂತ ಹಿಂದಿನವರ ಹತ್ರ. ಹೀಗೆ ಹೋದರೆ ಬೇಜಾರಾಗುತ್ತೆ ಅಂದುಕೊಂಡಿದ್ದೆವು. ಆಗಲಿಲ್ಲ, ಯಾಕಂದ್ರೆ ನಿಧಾನ ಹೋದಾಗಲೇ ಮಾತಾಡೋಕೆ ಆಗೋದು.

ಕಾವೇರಿಯ ಎರಡು ಸೇತುವೆ

ಎರಡನೇ ದಿನ ಬನ್ನೂರು ದಾಟಿ ಕಾವೇರಿ ದಾಟಿ ಮೈಸೂರು. ಕಬ್ಬಿನ ಗದ್ದೆ, ಆಲೆಮನೆಯ ವಾಸನೆ, ಬೆಲ್ಲದ ಪಾಕ. ಒಂದು ಆಲೆಮನೆಯವರು ಕಬ್ಬಿನ ಹಾಲು ಕುಡಿಸಿ ದುಡ್ಡು ತೆಗೆದುಕೊಳ್ಳಲಿಲ್ಲ. ಮೈಸೂರಿನಲ್ಲಿ ನಿಲ್ಲದೆ ಸಂಜೆಗೆ ಹುಣಸೂರು ಸೇರಿದೆವು. ಅಲ್ಲಿ ಕಂಪ್ಯೂಟರ್ ಸೈನ್ಸ್ ಗೆಳತಿಯ ಮನೆ, ಹೊಗೆಸೊಪ್ಪು ಬೆಳೆಯುವವರು. ಅವರಮ್ಮ ಹನ್ನೆರಡು ಜನಕ್ಕೆ ಮುದ್ದೆ ತಿರುವಿದ ವೇಗ ನೋಡಿ ನಮ್ಮ ಪ್ರೊಡಕ್ಷನ್ ಎಂಜಿನಿಯರಿಂಗ್ ಪಾಠ ನಾಚಿಕೊಂಡಿತು.

ಮೂರನೇ ದಿನ ಪಿರಿಯಾಪಟ್ಟಣ, ಬೈಲಕುಪ್ಪೆ, ಮತ್ತೆ ಕಾವೇರಿ ದಾಟಿದರೆ ಕುಶಾಲನಗರ. ಬೈಲಕುಪ್ಪೆಯ ಟಿಬೆಟಿಯನ್ನರ ಒಂದು ಸಣ್ಣ ಹೋಟೆಲಿನಲ್ಲಿ ಡಬ್ಬಿ ನೋಡಿ ಒಬ್ಬ ವಯಸ್ಸಾದವರು ಯಾಕೆ ಅಂತ ಕೇಳಿದರು. ಮನೆ ಕಳಕೊಂಡವರಿಗೆ ಅಂದೆವು. ಅವರು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು ಅನ್ನಿಸಿತು. ನೂರು ರೂಪಾಯಿ ಹಾಕಿ, ಎರಡೂ ಕೈ ಡಬ್ಬಿಯ ಮೇಲಿಟ್ಟು ಒಂದು ಕ್ಷಣ ನಿಂತರು. ಒಟ್ಟು ದಾರಿಯ ಡಬ್ಬಿಯಲ್ಲಿ ಸೇರಿದ್ದು 7,620 ರೂಪಾಯಿ. ಅದರಲ್ಲಿ ಐನೂರರ ನೋಟು ಒಂದೇ ಒಂದು.

ನಾಲ್ಕನೇ ದಿನ ಮೂವತ್ತು ಕಿಲೋಮೀಟರು ಮಾತ್ರ. ಆದರೆ ಮಡಿಕೇರಿ ಕುಶಾಲನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಹಿಂದಿನ ರಾತ್ರಿ ಮೆಕ್ಯಾನಿಕಲ್‌ನವನು ಲೆಕ್ಕ ಹಾಕಿ ತೋರಿಸಿದ್ದ: ಆಳು, ಸೈಕಲ್ಲು ಸೇರಿ 85 ಕೆ.ಜಿ. ಅಂತಿಟ್ಟುಕೊಂಡರೆ ಎಂಜಿಎಚ್ ಸುಮಾರು 250 ಕಿಲೋ ಜೌಲ್, ಅಂದರೆ 60 ಕಿಲೋ ಕ್ಯಾಲೊರಿ. ಮೈಯ ದಕ್ಷತೆ ಕಾಲು ಭಾಗ ಅಂದರೂ 240. ಮೂರು ಬಾಳೆಹಣ್ಣು ತಿಂದರೆ ಮಡಿಕೇರಿ. ಆನೆಕಾಡು ದಾಟಿ ಸುಂಟಿಕೊಪ್ಪದ ಹೊತ್ತಿಗೆ ಅವನೇ ಆರು ಬಾಳೆಹಣ್ಣು ತಿಂದು ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಎರಡೂ ಕಡೆ ಕಾಫಿ ತೋಟ, ಹಣ್ಣು ಕುಯ್ಯುವವರು, ಕಣದಲ್ಲಿ ಒಣಗಲು ಹಾಕಿದ ಕಾಫಿ. ಮೂರು ದಿನವೂ ಹಾಡು ಹೇಳಿಕೊಂಡು ಬಂದ ಕೊಡಗಿನ ಗೆಳೆಯ ಅವತ್ತು ಸುಮ್ಮನಾಗಿದ್ದ. ಹಳೇ ಅಟ್ಲಾಸ್ ಸೈಕಲ್ಲಿನ ಹುಡುಗ ಎಲ್ಲರಿಗಿಂತ ಮುಂದೆ ನಡೆದ, ನಾವೆಲ್ಲ ಅವನ ಹಿಂದೆ. ಅರ್ಧ ದಾರಿ ತುಳಿದೆವು, ಅರ್ಧ ದಾರಿ ತಳ್ಳಿದೆವು. ಕಿಲೋಮೀಟರಿಗೆ ಒಂದು ರೂಪಾಯಿ ಕೊಟ್ಟವರು ದಯವಿಟ್ಟು ತಳ್ಳಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಜ್ಜಿ ಕೇಳಿದ ಒಂದೇ ಮಾತು

ಮನೆ ಕಟ್ಟುತ್ತಿದ್ದ ಜಾಗ ಮಡಿಕೇರಿಯಿಂದ ಸ್ವಲ್ಪ ದೂರ. ಸಮತಟ್ಟಾದ ಜಾಗ, ಹಿಂದೆ ಕಡಿದ ಗುಡ್ಡ ಇಲ್ಲ. ಅದನ್ನು ನೋಡಿಯೇ ಆರಿಸಿದ್ದರಂತೆ. ಮನೆಗೆ ಅಂತ ಇಳಿಜಾರನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ನೀರು ಹರಿಯೋ ದಾರಿ ಮುಚ್ಚಿಬಿಟ್ಟರೆ, ವಾರಗಟ್ಟಲೆ ಮಳೆ ಕುಡಿದ ಮಣ್ಣು ಹಿಡಿತ ಬಿಟ್ಟು ಜಾರುತ್ತೆ ಅಂತ ಸಿವಿಲ್‌ನವಳು ದಾರಿಯುದ್ದಕ್ಕೂ ನಮಗೆ ಪಾಠ ಮಾಡಿದ್ದಳು. ಪುಸ್ತಕದಲ್ಲಿ ಓದಿದ್ದನ್ನು ಅಲ್ಲಿ ಗುಡ್ಡದ ಮೈಮೇಲೆ ಕೆಂಪಗೆ ಗೀರಿದ ಹಾಗೆ ನೋಡಿದೆವು. ಕೊಡಗಿನ ಗೆಳೆಯ ಒಂದು ಗೀರಿನ ಕಡೆ ಕೈ ತೋರಿಸಿ, "ಅಲ್ಲಿ ನಮ್ಮನೆ ಇತ್ತು" ಅಂದ. ಅಷ್ಟೇ ಅಂದಿದ್ದು. ಟಿವಿ ರೂಮಿನಲ್ಲಿ ಇನ್ನೊಂದ್ಸಲ ಹಾಕು ಅಂದವನೂ ನಮ್ಮ ಹನ್ನೆರಡರಲ್ಲಿ ಒಬ್ಬ. ಅವನು ಹೋಗಿ ಪಕ್ಕದಲ್ಲಿ ನಿಂತುಕೊಂಡ.

2,14,360 ರೂಪಾಯಿ ಕೊಟ್ಟೆವು. ರಸೀದಿ ತೆಗೆದುಕೊಂಡೆವು. ಅದರಲ್ಲಿ ಇಡೀ ಮನೆ ಆಗೋದಿಲ್ಲ; ಗೋಡೆ, ತಾರಸಿಯ ಒಂದು ಪಾಲು ಆಗುತ್ತೆ ಅಂದರು ಅಲ್ಲಿನವರು. ನಾವು 'ಒಂದು ಮನೆ ಕಟ್ಟಿಸ್ತೀವಿ' ಅಂತ ಪೋಸ್ಟರ್ ಮಾಡಿದ್ದು ನೆನಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಎರಡು ದಿನ ಅಲ್ಲೇ ಕೆಲಸ ಮಾಡಿದೆವು. ಕೆಲಸ ಅಂದರೆ ಸಾಲಿಡ್ ಬ್ಲಾಕ್ ಹೊರೋದು, ಮರಳು ಜರಡಿ ಹಿಡಿಯೋದು, ಕಟ್ಟಿದ ಗೋಡೆಗೆ ನೀರು ಹಾಕೋದು. ಒಂದೊಂದು ಬ್ಲಾಕು 20 ಕೆ.ಜಿ.ಗೂ ಹೆಚ್ಚು. ಸಿವಿಲ್‌ನವಳಿಗೆ ಮಾತ್ರ ಮೇಸ್ತ್ರಿ ಕರಣೆ ಕೊಟ್ಟರು. ಅವಳು ಲಾರಿ ಬೇಕರ್ ಬಗ್ಗೆ, ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟೋ 'ರ‍್ಯಾಟ್ ಟ್ರ್ಯಾಪ್' ಗೋಡೆಯ ಬಗ್ಗೆ, ಅದರಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತೆ ಅನ್ನೋದರ ಬಗ್ಗೆ ಹೇಳಿದಳು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ ಮೇಡಂ. ಈಗ ಆ ತೂಗುಗುಂಡು ನೋಡಿ, ನಿಮ್ಮ ಗೋಡೆ ಅರ್ಧ ಇಂಚು ಹೊರಗೆ ಹೋಗಿದೆ" ಅಂದರು.

ಅಜ್ಜಿ ದಿನಾ ಬರೋರು. ಸೊಸೆ ತೋಟದ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ನಮಗೆ ಬೆಲ್ಲದ ಕಾಫಿ ತಂದುಕೊಟ್ಟು ಒಂದು ಕಲ್ಲಿನ ಮೇಲೆ ಕೂತು ನೋಡೋರು. ಮೊದಲ ದಿನ ಕೇಳಿದ್ದು, "ಇಷ್ಟು ದೂರ ಸೈಕಲ್ಲಲ್ಲಾ? ಬಸ್ ಇರಲಿಲ್ವಾ ಮಕ್ಕಳೇ?" ಅಂತ. ನಾವು ಕಿಲೋಮೀಟರು, ರೂಪಾಯಿ ಅಂತ ವಿವರಿಸಿದೆವು. ಅಜ್ಜಿ ತಲೆ ಆಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ.

ಎರಡನೇ ದಿನ ಎದ್ದು ಬಂದು ಅಡುಗೆಮನೆ ಆಗಬೇಕಾದ ಜಾಗದಲ್ಲಿ ನಿಂತರು. ಗೋಡೆ ಸೊಂಟದ ಎತ್ತರಕ್ಕೆ ಬಂದಿತ್ತು. ಹಿಂದಿನ ಗೋಡೆ ಮುಟ್ಟಿ, "ಇಲ್ಲಿ ಬಾಗಿಲು ಇಲ್ವಾ?" ಅಂದರು.

ಇರಲಿಲ್ಲ. ನಕ್ಷೆಯಲ್ಲಿ ಮುಂಬಾಗಿಲು ಒಂದೇ. ದುಡ್ಡು ಉಳಿಸೋಕೆ ಹಾಗೆ ಮಾಡಿದ್ದರು.

"ಪಾತ್ರೆ ತೊಳೆಯೋಕೆ, ಸೌದೆ ತರೋಕೆ, ಕೋಳಿಗೆ ಹಾಕೋಕೆ ಎಲ್ಲಾ ಮುಂದಿನಿಂದಲೇ ಸುತ್ತಿ ಬರಬೇಕಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆ ರಾತ್ರಿ ಮುಂದಿನ ಬಾಗಿಲಿಗೆ ಮಣ್ಣು ಬಂದು ಕೂತುಬಿಟ್ಟಿತ್ತು. ನಾವು ಹಿಂದಿನಿಂದ ಓಡಿದ್ದು" ಅಂದರು. ಹೇಳಿ, ಕಾಫಿ ಲೋಟ ಎತ್ತಿಕೊಂಡು ಹೋದರು. ಬೇಕು ಅಂತ ಕೇಳಲೇ ಇಲ್ಲ.

ನಾವು ಕೆಲಸ ನಿಲ್ಲಿಸಿ ಮೇಸ್ತ್ರಿ ಹತ್ರ ಹೋದೆವು. ಅವರು ಬೀಡಿ ಹಚ್ಚಿ ಲೆಕ್ಕ ಹೇಳಿದರು. ಕಟ್ಟಿದ ನಾಲ್ಕು ಸಾಲು ಬ್ಲಾಕ್ ಬಿಚ್ಚಬೇಕು, ಮರದ ಚೌಕಟ್ಟು, ಬಾಗಿಲು, ಚಿಲಕ, ಮೇಲೊಂದು ಲಿಂಟಲ್, ಕೂಲಿ. "ನನ್ನ ಪರಿಚಯದವರ ಹತ್ರ ಹಳೇ ಮರ ಇದೆ. ಒಂಬತ್ತು ಸಾವಿರಕ್ಕೆ ಮುಗಿಸ್ಕೊಡ್ತೀನಿ. ಬಾಗಿಲ ಮೇಲೆ ಸಜ್ಜಾ ಬೇಕು ಅಂದ್ರೆ ಇನ್ನೊಂದೆರಡೂವರೆ ಸಾವಿರ ಆಗುತ್ತೆ."

ಕೊಟ್ಟ ದುಡ್ಡು ಆಗಲೇ ಗೋಡೆಗೆ, ತಾರಸಿಗೆ ಹಂಚಿಹೋಗಿತ್ತು. ನಮ್ಮ ಜೇಬಿನ 18,000ದಲ್ಲಿ 4,800 ಖರ್ಚಾಗಿ 13,200 ಉಳಿದಿತ್ತು. ಅದರಲ್ಲಿ 9,000 ಸೈಕಲ್ಲುಗಳನ್ನು ಬೆಂಗಳೂರಿಗೆ ಒಯ್ಯುವ ಲಾರಿಗೆ, 4,200 ನಮ್ಮ ಬಸ್ ಚಾರ್ಜಿಗೆ ಅಂತ ಎತ್ತಿಟ್ಟಿದ್ದು. ಎಲ್ಲರೂ ಮನಸ್ಸಿನಲ್ಲೇ ಅದೇ ಲೆಕ್ಕ ಹಾಕುತ್ತಿದ್ದೆವು, ಯಾರೂ ಹೇಳೋಕೆ ತಯಾರಿರಲಿಲ್ಲ. ಕೂರೋಕೆ ಆಗದಷ್ಟು ಸೀಟು ನೋವು, ಅಂಗೈಯಲ್ಲಿ ಬೊಬ್ಬೆ. ಕೊನೆಗೆ ಹೇಳಿದ್ದು ಮೊದಲ ದಿನ ಕತ್ತಲಲ್ಲಿ ಬಿಟ್ಟು ಬಂದಿದ್ದ ಫಸ್ಟ್ ಇಯರ್ ಹುಡುಗ. "ಅಣ್ಣ, ಮೈಸೂರು ತನಕ ತುಳ್ಕೊಂಡೇ ಹೋದ್ರೆ? ಅಲ್ಲಿಂದ ಟ್ರೈನ್‌ಗೆ ಹಾಕೋಣ. ಹೆಂಗಿದ್ರೂ ಇಳಿಜಾರು."

ಸಜ್ಜಾ? ಅಂತ ಮೇಸ್ತ್ರಿ ಇನ್ನೊಮ್ಮೆ ಕೇಳಿದರು. "ಸದ್ಯ ಬಾಗಿಲು ಸಾಕು ಅಣ್ಣ, ಸಜ್ಜಾ ಆಮೇಲೆ ನೋಡೋಣ" ಅಂದೆವು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಬಾವುಟ ಇಲ್ಲದ ಸವಾರಿ

ವಾಪಸ್ ಬಂದ 120 ಕಿಲೋಮೀಟರಿನ ಒಂದು ಫೋಟೋನೂ ಇಲ್ಲ. ಬ್ಯಾನರ್ ಮಡಚಿ ಕ್ಯಾರಿಯರ್‌ಗೆ ಕಟ್ಟಿದ್ದೆವು. ಡಬ್ಬಿ ಇಲ್ಲ, ಡೊಳ್ಳಿಲ್ಲ, ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹುಣಸೂರಿನ ಅಮ್ಮ ಮತ್ತೆ ಮುದ್ದೆ ಹಾಕಿದರು. ಇಳಿಜಾರು ಅಂತ ನಂಬಿಸಿದ್ದ ಹುಡುಗನಿಗೆ ಪಿರಿಯಾಪಟ್ಟಣದ ಏರುಗಳಲ್ಲಿ ಎಲ್ಲರೂ ಸೇರಿ ಬೈದೆವು. ಅವನು ನಗುತ್ತಾ ಎಲ್ಲರಿಗಿಂತ ಮುಂದೆ, ನಿಧಾನವಾಗಿ ತುಳಿಯುತ್ತಿದ್ದ. ಮೈಸೂರು ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಸೈಕಲ್ಲುಗಳಿಗೆ ಚೀಟಿ ಅಂಟಿಸಿ, ಜನರಲ್ ಬೋಗಿಯ ಬಾಗಿಲ ಹತ್ತಿರ ಕೂತು ಬೆಂಗಳೂರಿಗೆ ಬಂದೆವು. ಮೊದಲ 270 ಕಿಲೋಮೀಟರಿಗೆ 612 ಜನ ದುಡ್ಡು ಕೊಟ್ಟಿದ್ದರು. ಈ 120ಕ್ಕೆ ಕೊಟ್ಟವರು ಯಾರೂ ಇಲ್ಲ. ಮೇಷ್ಟ್ರ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇಷ್ಟೇ: ದುಡ್ಡು ಕಳಿಸಿದ್ದರೆ ಮನೆಗೆ ಅದೇ 2,14,360 ಸೇರುತ್ತಿತ್ತು, ಹಿತ್ತಲ ಬಾಗಿಲು ಇರುತ್ತಿರಲಿಲ್ಲ. ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದವರಿಗೆ ಅಜ್ಜಿ ಗೋಡೆ ಮುಟ್ಟಿ ತೋರಿಸೋಕೆ ಆಗಲ್ಲ.

ಇಲ್ಲಿಗೆ ಮುಗಿಸಿದ್ದರೆ ನಮಗೆ ಮರ್ಯಾದೆ ಉಳೀತಿತ್ತು. ಆದರೆ ಮೇ ತಿಂಗಳಲ್ಲಿ ಅವರು ಹೊಸ ಮನೆಗೆ ಹೋದರು, ಆಗಸ್ಟ್‌ನಲ್ಲಿ ಮತ್ತೆ ಮಳೆ ಬಂತು. 2019ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮತ್ತೆ ಗುಡ್ಡ ಕುಸಿಯಿತು, ಈ ಸಲ ವಿರಾಜಪೇಟೆ ಕಡೆ. ಟಿವಿ ರೂಮಿಗೆ ಹೋಗೋ ಧೈರ್ಯ ಯಾರಿಗೂ ಇರಲಿಲ್ಲ. ಫೋನ್ ಹಚ್ಚಿದೆವು. ಎರಡು ದಿನ ಸಿಗಲಿಲ್ಲ. ಮೂರನೇ ದಿನ ಅಜ್ಜಿಯ ಮೊಮ್ಮಗಳು ಎತ್ತಿದಳು. ಎಲ್ಲರೂ ಚೆನ್ನಾಗಿದ್ದಾರೆ, ಮನೆ ಗಟ್ಟಿಯಾಗಿದೆ, ತಾರಸಿ ಸೋರ್ತಿಲ್ಲ. ಸ್ಪೀಕರ್‌ನಲ್ಲಿ ಹನ್ನೆರಡೂ ಜನ ಉಸಿರು ಬಿಟ್ಟೆವು. ಆಮೇಲೆ ಅವಳು ಸ್ವಲ್ಪ ತಡೆದು, "ಅಣ್ಣ, ಹಿಂದಿನ ಬಾಗಿಲಿಂದ ಮಾತ್ರ ನೀರು ಒಳಗೆ ಹೊಡೆಯುತ್ತೆ. ಅಜ್ಜಿ ಗೋಣಿಚೀಲ ಕಟ್ಟಿದ್ದಾರೆ. ನಿಮಗೆ ಹೇಳಬೇಡ ಅಂದಿದ್ರು" ಅಂದಳು.

ಸಜ್ಜಾ ಇಲ್ಲದ ಬಾಗಿಲು. ಕೊಡಗಿನ ಮಳೆ ನೇರವಾಗಿ ಬೀಳಲ್ಲ, ಅಡ್ಡ ಹೊಡೆಯುತ್ತೆ. ಒಬ್ಬ ಮೇಸ್ತ್ರಿ ಎರಡು ಸಲ ಕೇಳಿದ್ದರು. ಮುಂದೆ ಎಂಜಿನಿಯರ್ ಆಗಲಿರೋ ಹನ್ನೆರಡು ಜನಕ್ಕೆ ಹೊಳೆಯಲಿಲ್ಲ ಅಂತ ಹೇಳೋ ಹಾಗೂ ಇಲ್ಲ. ಹೊಳೆದಿತ್ತು, ಸುಸ್ತಾಗಿತ್ತು, ಆಮೇಲೆ ನೋಡೋಣ ಅಂದಿದ್ದೆವು. ಬಾಗಿಲು ಕೊಟ್ಟ ಖುಷಿಯಲ್ಲಿ ಆ 'ಆಮೇಲೆ' ಎಲ್ಲಿ ಹೋಯಿತೋ. ಏಳು ತಿಂಗಳಲ್ಲಿ ಒಂದು ಸಲವೂ ನೆನಪಾಗಲಿಲ್ಲ, ಶಾಲು ಹೊದಿಸಿಕೊಳ್ಳುವಾಗಲೂ. ಸಿವಿಲ್‌ನವಳು ಆ ಫೋನ್ ಆದ ಮೇಲೆ ತನ್ನ ಪ್ರಾಜೆಕ್ಟ್ ಬದಲಾಯಿಸಿದ್ದಾಳೆ. ಮಲೆನಾಡಿನ ಮಳೆಗೆ ಕಡಿಮೆ ಖರ್ಚಿನ ಸಜ್ಜಾ, ಜಗುಲಿ, ನೀರು ಹರಿಯೋ ವ್ಯವಸ್ಥೆ ಅಂತ ಏನೇನೋ ಓದುತ್ತಿದ್ದಾಳೆ. ಮೇಸ್ತ್ರಿಗೆ ಫೋನ್ ಮಾಡಿ ಅನುಮಾನ ಕೇಳುತ್ತಾಳೆ. ಅವರು ಈಗಲೂ ಅವಳನ್ನು ಮೇಡಂ ಅಂತಲೇ ಕರೆಯೋದು.

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಮುಂದಿನ ಮಳೆಗಾಲಕ್ಕೆ ಸಾಕಷ್ಟು ಮುಂಚೆ, ನಾವು ಮತ್ತೆ ಹೋಗ್ತಿದ್ದೀವಿ. ಈ ಸಲ ಪೋಸ್ಟರಿನಲ್ಲಿ 'ಒಂದು ಮನೆ' ಅಂತ ಇರಲ್ಲ, 'ಒಂದು ಸಜ್ಜಾ' ಅಂತ ಇರುತ್ತೆ. ಕಿಲೋಮೀಟರಿಗೆ ರೂಪಾಯಿ ಕೇಳೋಕೂ ಬರಲ್ಲ, ಅಷ್ಟು ನಾವೇ ಹಾಕಿಕೊಳ್ಳುತ್ತೀವಿ. ಬೇಕಾಗಿರೋದು ಜನ. ಸೈಕಲ್ ಹಳೇದಾದರೂ ಪರವಾಗಿಲ್ಲ, ಬ್ರೇಕ್ ಮಾತ್ರ ಚೆಕ್ ಮಾಡಿಸಿಕೊಂಡು ಬನ್ನಿ. ನಿಧಾನ ತುಳಿಯೋರಾದರೆ ಇನ್ನೂ ಒಳ್ಳೇದು, ನೀವೇ ಎಲ್ಲರಿಗಿಂತ ಮುಂದೆ. ಹೆಸರು ಕೊಡೋರು ಹಾಸ್ಟೆಲ್ ಮೆಸ್ಸಿನ ಹತ್ರ, ಪಂಚರ್ ಹಾಕೋದು ಕಲಿಯುತ್ತಾ ಕೂತಿರೋ ನಮ್ಮಲ್ಲಿ ಯಾರನ್ನಾದರೂ ಕೇಳಿ.